ಗುಂಡಿ ಕಣ್ಣಿನ ಅಮ್ಮ ಮತ್ತು ಬ್ಯಾಂಕಿನ ಲೆಕ್ಕ

ಹದಿನೈದು ವರ್ಷ ಹಳೆಯ ಸಾಲವೊಂದು ಇದ್ದಕ್ಕಿದ್ದಂತೆ ವಸೂಲಾದರೆ ನಾವು ಬ್ಯಾಂಕಿನವರು ಬ್ರಾಂಚಿನಲ್ಲಿ ಸ್ವೀಟ್ ಹಂಚುತ್ತೇವೆ. ಸಿನಿಮಾದವರಿಗೆ ಆ ಭಾಗ್ಯ ಎಲ್ಲಿ ಬರಬೇಕು? ಅವರದು ಶುಕ್ರವಾರ ಹುಟ್ಟಿ ಭಾನುವಾರ ಸಾಯುವ ವ್ಯಾಪಾರ. ಆದರೆ 2009ರ ಫೆಬ್ರವರಿಯಲ್ಲಿ ಬಿಡುಗಡೆಯಾಗಿದ್ದ 'ಕೋರಲೈನ್' ಎಂಬ ಗೊಂಬೆ ಸಿನಿಮಾವನ್ನು 2024ರ ಆಗಸ್ಟಿನಲ್ಲಿ ಮತ್ತೆ ಥಿಯೇಟರಿಗೆ ತಂದಾಗ ಅದು 5 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಟಿವಿಯಲ್ಲಿ, ಫೋನಿನಲ್ಲಿ ಎಲ್ಲರೂ ಹತ್ತು ಸಲ ನೋಡಿದ್ದ ಸಿನಿಮಾ ಸ್ವಾಮಿ! ಮೂಲ ಬಂಡವಾಳವೇ 6ರಿಂದ 7 ಕೋಟಿ ಡಾಲರ್. ಈ ಲೆಕ್ಕ ಓದಿದ ಮೇಲೆ ನನ್ನ ಬಿಕಾಂ ತಲೆ ಸುಮ್ಮನೆ ಕೂರಲಿಲ್ಲ, ಅದಕ್ಕೇ ಈ ಬರಹ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ನೀಲ್ ಗೈಮನ್ 2002ರಲ್ಲಿ ಬರೆದ ಮಕ್ಕಳ ಕಾದಂಬರಿ ಅದು. ಹೊಸ ಮನೆಗೆ ಬಂದ ಹುಡುಗಿ, ಸದಾ ಕೆಲಸದಲ್ಲಿ ಮುಳುಗಿರುವ ಅಪ್ಪ ಅಮ್ಮ. ಮನೆಯಲ್ಲೊಂದು ಪುಟ್ಟ ಬಾಗಿಲು, ಅದರಾಚೆ ಥೇಟ್ ಇದೇ ಮನೆ, ಇದೇ ಅಮ್ಮ. ಆ ಅಮ್ಮ ಬಾಯಿಗೆ ರುಚಿಯಾಗಿ ಮಾಡಿ ಬಡಿಸುತ್ತಾಳೆ, ಆಟ ಆಡಿಸುತ್ತಾಳೆ. ಒಂದೇ ವ್ಯತ್ಯಾಸ ಅಂದ್ರೆ ಅವಳ ಕಣ್ಣಿನ ಜಾಗದಲ್ಲಿ ಅಂಗಿಯ ಗುಂಡಿಗಳು. ಇಲ್ಲೇ ಇದ್ದುಬಿಡು ಮಗಳೇ, ನಿನ್ನ ಕಣ್ಣಿಗೂ ಗುಂಡಿ ಹೊಲಿಯುತ್ತೇನೆ ಅನ್ನುತ್ತಾಳೆ.

ಇಂಥದ್ದನ್ನು ಮಕ್ಕಳಿಗೆ ತೋರಿಸುತ್ತಾರಾ ಅಂತ ನಮ್ಮ ಅಪಾರ್ಟ್‌ಮೆಂಟಿನ ಕೆಲವರು ಮೂಗು ಮುರಿದರು. ನನಗೆ ನಗು ಬಂತು. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿದ್ದವರು ನೆನಪು ಮಾಡಿಕೊಳ್ಳಿ. ಮನೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದದ್ದು ಯಾಕೆ? ರಾತ್ರಿ ಬರುವ ದೆವ್ವ ನಮ್ಮವರದೇ ದನಿಯಲ್ಲಿ, ಅಮ್ಮನದೋ ಹೆಂಡತಿಯದೋ ದನಿಯಲ್ಲಿ, ಕರೆಯುತ್ತದೆ. ಒಂದೇ ಕೂಗಿಗೆ ಬಾಗಿಲು ತೆಗೆದರೆ ಮುಗೀತು ಕಥೆ. ಹೈದರಾಬಾದಿಗೆ ವರ್ಗವಾಗಿ ಬಂದಾಗ ಇದನ್ನು ತೆಲುಗು ಸಹೋದ್ಯೋಗಿಯೊಬ್ಬರಿಗೆ ಹೇಳಿದೆ. ಅವರು ಗಹಗಹಿಸಿ ನಕ್ಕು, ನಮ್ಮ ಕಡೆ 'ಓ ಸ್ತ್ರೀ ರೇಪು ರಾ' ಅಂತ ಬರೀತಿದ್ವಿ ಅಂದರು. ಗಡಿ ದಾಟಿದರೂ ದೆವ್ವ ಅದೇ, ಭಾಷೆ ಮಾತ್ರ ಕಲಿತಿತ್ತು. ಅಮ್ಮನ ದನಿಯಲ್ಲಿ ಬರುವ ಭಯ ಇಂಗ್ಲಿಷಿನವರ ಸ್ವತ್ತೇನಲ್ಲ ಬಿಡಿ. ಅಜ್ಜಿಯರು ನಮಗೆ ಅದನ್ನು ಅನ್ನದ ಜೊತೆಗೇ ಉಣಿಸಿದ್ದಾರೆ, ನಾವೇನೂ ಕೆಟ್ಟು ಹೋಗಿಲ್ಲ. ಪ್ರೀತಿಯ ವೇಷದಲ್ಲಿ ಬರುವ ಅಪಾಯವನ್ನು ಗುರುತಿಸುವುದನ್ನು ಮಕ್ಕಳಿಗೆ ಕಥೆಯಲ್ಲದೆ ಇನ್ಯಾವುದು ಕಲಿಸೀತು?

ಈಗ ತಯಾರಿಯ ವಿಷಯಕ್ಕೆ ಬರೋಣ. ಇದು ಕಂಪ್ಯೂಟರಿನಲ್ಲಿ ಬರೆದ ಚಿತ್ರವಲ್ಲ. ಸ್ಟಾಪ್ ಮೋಷನ್ ಅಂದರೆ ನಿಜವಾದ ಗೊಂಬೆ, ನಿಜವಾದ ಪುಟಾಣಿ ಮನೆ. ಗೊಂಬೆಯ ಕೈಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೋ, ಮತ್ತಷ್ಟು ಸರಿಸಿ ಇನ್ನೊಂದು ಫೋಟೋ. ಒಂದು ಸೆಕೆಂಡಿಗೆ 24 ಚೌಕಟ್ಟು. ಸಿನಿಮಾ 100 ನಿಮಿಷ ಅಂದರೆ 1,44,000 ಚೌಕಟ್ಟು. ತ್ರೀಡಿ ಬೇರೆ, ಹಾಗಾಗಿ ಎಡಗಣ್ಣಿಗೊಂದು ಬಲಗಣ್ಣಿಗೊಂದು ಅಂತ ಕ್ಯಾಮೆರಾವನ್ನೇ ಚೂರು ಪಕ್ಕಕ್ಕೆ ಸರಿಸಿ ಎರಡೆರಡು ಸಲ ತೆಗೆಯಬೇಕು. ಒಂದೊಂದು ಭಂಗಿಯನ್ನು ಎರಡು ಚೌಕಟ್ಟಿಗೆ ಬಳಸಿಕೊಂಡರೂ ಒಬ್ಬ ಆನಿಮೇಟರ್ ದಿನವಿಡೀ ಬೆನ್ನು ಬಗ್ಗಿಸಿದರೆ ಸಿಗುವುದು ಕೆಲವೇ ಸೆಕೆಂಡಿನ ಸಿನಿಮಾ. ನಡುವೆ ಕೈ ತಗುಲಿ ಗೊಂಬೆ ಅಲುಗಿದರೆ ಮತ್ತೆ ಮೊದಲಿನಿಂದ!

ನಿರ್ದೇಶಕ ಹೆನ್ರಿ ಸೆಲಿಕ್. ಈ ಮನುಷ್ಯ 1993ರಲ್ಲೇ 'ದಿ ನೈಟ್‌ಮೇರ್ ಬಿಫೋರ್ ಕ್ರಿಸ್ಮಸ್' ನಿರ್ದೇಶಿಸಿದ್ದ. ಇವತ್ತಿಗೂ ಬಹಳ ಜನ ಅದನ್ನು ಟಿಮ್ ಬರ್ಟನ್ ನಿರ್ದೇಶಿಸಿದ್ದು ಅಂದುಕೊಂಡಿದ್ದಾರೆ. ಬರ್ಟನ್ ಕಥೆ ಕೊಟ್ಟ, ನಿರ್ಮಿಸಿದ, ಹೆಸರೂ ಅವನದೇ ಮುಂದಿತ್ತು. ಗೊಂಬೆಗಳ ಜೊತೆ ವರ್ಷಗಟ್ಟಲೆ ಬಾಳಿದವನು ಸೆಲಿಕ್. ಆಫೀಸುಗಳಲ್ಲಿ ಇಂಥ ಕಥೆ ನಮಗೆ ಹೊಸದಲ್ಲ, ಮುಂದೆ ಹೋಗೋಣ.

ಅಮೆರಿಕದ ಆರೆಗಾನ್ ರಾಜ್ಯದ ಲೈಕಾ ಸ್ಟುಡಿಯೋ ಕೋರಲೈನ್ ತಯಾರಿಸಿತು. ಅದು ಆ ಸ್ಟುಡಿಯೋದ ಮೊದಲ ಪೂರ್ಣ ಪ್ರಮಾಣದ ಚಿತ್ರ. ಗೊಂಬೆ ತೊಡುವ ಪುಟ್ಟ ಸ್ವೆಟರನ್ನು ಕೂದಲಷ್ಟು ತೆಳ್ಳನೆಯ ಸೂಜಿಗಳಲ್ಲಿ ಆಲ್ತಿಯಾ ಕ್ರೋಮ್ ಎಂಬ ಹೆಂಗಸು ಹೆಣೆದರು. ಹೂಬಿಟ್ಟ ಮರಗಳಿಗೆ ಪಾಪ್‌ಕಾರ್ನನ್ನೇ ಗುಲಾಬಿ ಬಣ್ಣ ಬಳಿದು ಅಂಟಿಸಿದರು. ಅದೇ ಹೊತ್ತಿಗೆ, ನಗು ಸಿಟ್ಟು ಅಳು ಎಲ್ಲಕ್ಕೂ ಬೇರೆ ಬೇರೆ ಮುಖ ಬೇಕಲ್ಲ, ಆ ಸಾವಿರಾರು ಬದಲಿ ಮುಖಗಳನ್ನು ತ್ರೀಡಿ ಪ್ರಿಂಟರಿನಲ್ಲಿ ಮುದ್ರಿಸಿದರು. ಒಂದು ಇಡೀ ಸ್ಟಾಪ್ ಮೋಷನ್ ಚಿತ್ರಕ್ಕೆ ಆ ಯಂತ್ರ ಬಳಸಿದ್ದು ಇದೇ ಮೊದಲು. ಇನ್ನೊಂದು ಜಾಣತನ ಕೇಳಿ. ನಿಜವಾದ ಮನೆಯ ಸೆಟ್ಟುಗಳನ್ನು ಬೇಕೆಂದೇ ಆಳವಿಲ್ಲದೆ ಇಕ್ಕಟ್ಟಾಗಿ ಕಟ್ಟಿದರು, ಗುಂಡಿ ಕಣ್ಣಿನ ಅಮ್ಮನ ಮನೆಯನ್ನು ಆಳವಾಗಿ ವಿಶಾಲವಾಗಿ. ನೋಡುವವನಿಗೆ ಕಾರಣ ತಿಳಿಯದಿದ್ದರೂ, ಹೌದಲ್ಲ, ಈ ಮನೆಯಲ್ಲಿ ಉಸಿರಾಟ ಸಲೀಸು ಅನ್ನಿಸುತ್ತದೆ. ಬಲೆ ಬೀಸುವುದೇ ಹಾಗೆ.

ಬಿಡುಗಡೆಯ ಕಥೆ ಅಷ್ಟು ಸಿಹಿಯಲ್ಲ. ಮೊದಲ ವಾರಾಂತ್ಯದಲ್ಲಿ ಅಮೆರಿಕದಲ್ಲಿ ಬಂದದ್ದು ಸುಮಾರು 1.7 ಕೋಟಿ ಡಾಲರ್. ಆಗ ತ್ರೀಡಿ ಪರದೆಗಳೇ ಕಡಿಮೆ. ಮೂರು ವಾರ ಕಳೆಯುವಷ್ಟರಲ್ಲಿ ಜೋನಾಸ್ ಬ್ರದರ್ಸ್ ಎಂಬ ಹಾಡುಗಾರರ ತ್ರೀಡಿ ಸಿನಿಮಾ ಬಂದು ಆ ಪರದೆಗಳನ್ನು ಕಿತ್ತುಕೊಂಡಿತು. ನಮ್ಮ ಕನ್ನಡ ನಿರ್ಮಾಪಕರಿಗೆ ಈ ಗೋಳು ಬಿಡಿಸಿ ಹೇಳಬೇಕಿಲ್ಲ! ಕೊನೆಗೆ ಜಗತ್ತಿನಾದ್ಯಂತ 12 ಕೋಟಿ ಡಾಲರಿನ ಆಸುಪಾಸು ಬಂತು. ಥಿಯೇಟರಿನವರ ಪಾಲು, ಪ್ರಚಾರದ ಖರ್ಚು ಕಳೆದರೆ ಅಂಥ ದೊಡ್ಡ ಲಾಭವೇನಲ್ಲ. ಆಸ್ಕರಿಗೆ ನಾಮಕರಣಗೊಂಡಿತು, ಆದರೆ 2010ರಲ್ಲಿ ಪ್ರಶಸ್ತಿ 'ಅಪ್' ಪಾಲಾಯಿತು. ಲೆಕ್ಕ ಅಲ್ಲಿಗೇ ಮುಚ್ಚಿದ್ದರೆ 'ಪರವಾಗಿಲ್ಲ' ಅಂತ ಷರಾ ಬರೆಯಬಹುದಾದ ಖಾತೆ. ಆದರೆ ಅಂದು ನೋಡಿದ ಮಕ್ಕಳು ದೊಡ್ಡವರಾದರು, ಸಂಬಳ ತರತೊಡಗಿದರು, 2024ರಲ್ಲಿ ತಾವೇ ಟಿಕೆಟ್ ಕೊಂಡು ಬಂದರು. ಈ ಬಡ್ಡಿ ಯಾವ ಪ್ರಾಜೆಕ್ಟ್ ರಿಪೋರ್ಟಿನಲ್ಲೂ ಇರಲಿಲ್ಲ.

ನನಗೆ ಇದು ಯಾಕೆ ಇಷ್ಟು ಕಾಡುತ್ತದೆ ಅಂತ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಉತ್ತರ ಕರ್ನಾಟಕದ ಹುಡುಗನೊಬ್ಬ ಸಾಲ ಕೇಳಿಕೊಂಡು ಬಂದಿದ್ದ. ಇಲ್ಲೇ ಹೈಟೆಕ್ ಸಿಟಿ ಕಡೆ ಒಂದು ಕಂಪನಿಯಲ್ಲಿ ವಿದೇಶಿ ಕಾರ್ಟೂನುಗಳಿಗೆ ರಾತ್ರಿ ಪಾಳಿಯಲ್ಲಿ ಕೆಲಸ. ಚೀಲದಿಂದ ಒಂದು ಗೊಂಬೆ ತೆಗೆದು ಮೇಜಿನ ಮೇಲೆ ನಿಲ್ಲಿಸಿದ. ಮುದುಕಿಯ ಗೊಂಬೆ, ಕೈ ಕಾಲು ಕತ್ತು ಎಲ್ಲ ತಿರುಗುತ್ತಿತ್ತು. ಅಜ್ಜಿ ಹೇಳಿದ ದೆವ್ವದ ಕಥೆಯನ್ನು ಹತ್ತು ನಿಮಿಷದ ಸಿನಿಮಾ ಮಾಡ್ತೀನಿ ಸಾರ್ ಅಂದ. ಸೆಕ್ಯುರಿಟಿ ಏನಿದೆ ಅಂತ ಕೇಳಿದೆ. ಗೊಂಬೆಗಳಿವೆ ಸಾರ್ ಅಂದ! ಸಾಲ ಕೊಡಲಾಗುವುದಿಲ್ಲ ಅಂತ ತಿಳಿಸಿ ಹೇಳಿ ಚಹಾ ಕುಡಿಸಿ ಕಳಿಸಿದೆ. ಇವತ್ತು ಬಂದರೂ ಅದನ್ನೇ ಹೇಳುತ್ತೇನೆ. 90 ದಿನ ಕಂತು ಬಾರದಿದ್ದರೆ ಖಾತೆ ಎನ್‌ಪಿಎ ಆಗುತ್ತದೆ, 2004ರಿಂದ ಇದೇ ನಿಯಮ. ನನ್ನ ಹತ್ತಿರ ಇರುವುದು ಪಿಂಚಣಿದಾರರ, ಕಿರಾಣಿ ಅಂಗಡಿಯವರ ದುಡ್ಡು. ಅದನ್ನು ಹದಿನೈದು ವರ್ಷ ಕಾಯಿಸುವ ಹಕ್ಕು ನನಗಿಲ್ಲ. ಸಿನಿಮಾಕ್ಕೆ 1998ರಲ್ಲಿ ಕೇಂದ್ರ ಸರ್ಕಾರ ಉದ್ಯಮದ ಸ್ಥಾನ ಘೋಷಿಸಿತಲ್ಲ ಅನ್ನಬಹುದು. ಸ್ಥಾನ ಸಿಕ್ಕ ಮಾತ್ರಕ್ಕೆ ಗೊಂಬೆ ಅಡಮಾನವಾಗುವುದಿಲ್ಲ.

ಹಾಗಾದರೆ ಕೋರಲೈನ್‌ಗೆ ದುಡ್ಡು ಯಾರು ಕೊಟ್ಟರು? ನೈಕಿ ಶೂ ಕಂಪನಿಯ ಫಿಲ್ ನೈಟ್. ಮುಳುಗುತ್ತಿದ್ದ ವಿಲ್ ವಿಂಟನ್ ಸ್ಟುಡಿಯೋವನ್ನು ಕೊಂಡು, 2005ರಲ್ಲಿ ಲೈಕಾ ಅಂತ ಹೆಸರಿಟ್ಟ. ಮಗ ಟ್ರಾವಿಸ್ ನೈಟ್ ಕುರ್ಚಿಯಲ್ಲಿ ಕೂತು ಸಹಿ ಹಾಕಲಿಲ್ಲ, ಕೋರಲೈನ್‌ನಲ್ಲಿ ಆನಿಮೇಟರ್ ಆಗಿ ತಾನೇ ಗೊಂಬೆ ಸರಿಸಿದ. ಮುಂದೆ 2019ರ 'ಮಿಸ್ಸಿಂಗ್ ಲಿಂಕ್' ಭಾರೀ ನಷ್ಟ ಮಾಡಿಕೊಂಡಿತು, ಆದರೂ ಅಂಗಡಿ ಮುಚ್ಚಲಿಲ್ಲ. ನಮ್ಮಲ್ಲಿ ಇಂಥ ಹಣವಂತರಿಲ್ಲವೇ? ಬೆಂಗಳೂರಿನಲ್ಲೂ ಹೈದರಾಬಾದಿನಲ್ಲೂ ಬೇಕಾದಷ್ಟಿದ್ದಾರೆ. ಕ್ರಿಕೆಟ್ ತಂಡ ಕೊಳ್ಳುತ್ತಾರೆ, ಮಗಳ ಮದುವೆಗೆ ಅರಮನೆ ಸೆಟ್ ಹಾಕಿಸಿ ಮೂರೇ ದಿನಕ್ಕೆ ಕೆಡವುತ್ತಾರೆ. ಆ ಸೆಟ್ಟಿನ ಖರ್ಚಿನಲ್ಲಿ ಒಂದು ಗೊಂಬೆ ಸಿನಿಮಾ ಆಗುತ್ತದೆ ಅಂತ ಅವರಿಗೆ ಯಾರೂ ಹೇಳಿಲ್ಲವೇನೋ.

ಕೈಗಳಿಗಂತೂ ಕೊರತೆ ಇಲ್ಲ. ನಮ್ಮ ಮಾದಾಪುರವನ್ನೇ ನೋಡಿ. ಒಂದು ಕಡೆ 1998ರ ಸೈಬರ್ ಟವರ್ಸ್, ಕೂಗಳತೆಯಲ್ಲಿ ಶಿಲ್ಪಾರಾಮಂ. ತೆಲಂಗಾಣದ ಚೇರ್ಯಾಲದ ಮುಖವಾಡಗಳನ್ನು ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನಲ್ಲಿ ಮಾಡುತ್ತಾರೆ. ನಮ್ಮ ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗೂ ಅದೇ ಹೊಟ್ಟು, ಅದೇ ಹುಣಸೆಬೀಜ! ಒಂದು ಕಡೆ ಗೊಂಬೆ ಮಾಡುವ ಕೈಗಳು, ಇನ್ನೊಂದು ಕಡೆ ಕಂಪ್ಯೂಟರ್ ಬಲ್ಲ ಮಕ್ಕಳು. ಲೈಕಾ ಮಾಡಿದ್ದು ಇವೆರಡನ್ನೂ ಒಂದೇ ಸೂರಿನಡಿ ತಂದದ್ದು, ಅಷ್ಟೇ. ನಮ್ಮಲ್ಲಿ ನಡುವಿನ ರಸ್ತೆ ದಾಟುವವರಿಲ್ಲ.

ಭಯ ಹುಟ್ಟಿಸಲೂ ನಮಗೆ ಹೇಳಿಕೊಡಬೇಕಿಲ್ಲ. ತೆಲುಗಿನವರು 'ಜಾನಪದ ಬ್ರಹ್ಮ' ಅಂತ ಕೊಂಡಾಡುವ ಬಿ. ವಿಠ್ಠಲಾಚಾರ್ಯ ಉಡುಪಿ ಹತ್ತಿರದ ಉದ್ಯಾವರದವರು. ಅವರ 1978ರ ತೆಲುಗು 'ಜಗನ್ಮೋಹಿನಿ'ಯಲ್ಲಿ ದೆವ್ವ ಒಲೆಗೆ ಸೌದೆ ಬದಲು ತನ್ನ ಕಾಲನ್ನೇ ಒಡ್ಡಿ ಅಡುಗೆ ಮಾಡುತ್ತದೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಕಡಿಮೆ ದುಡ್ಡಿನಲ್ಲಿ! ಇಲ್ಲಿನ ಹಿರಿಯರು ಇವತ್ತಿಗೂ ಆ ದೃಶ್ಯವನ್ನು ಮಕ್ಕಳಂತೆ ಕೈ ಆಡಿಸಿ ವಿವರಿಸುತ್ತಾರೆ.

ಕರ್ನಾಟಕ 2012ರಲ್ಲೇ ಆನಿಮೇಷನ್ ಉದ್ಯಮಕ್ಕೆ ಪ್ರತ್ಯೇಕ ನೀತಿ ತಂದಿತು, ತೆಲಂಗಾಣವೂ 2016ರಲ್ಲಿ ತಂದಿತು. ಒಳ್ಳೆಯದೇ. ಆದರೆ ಇಂಥ ನೀತಿಗಳ ಕಣ್ಣು ಎಷ್ಟು ಜನಕ್ಕೆ ಕೆಲಸ, ಎಷ್ಟು ರಫ್ತು ಅನ್ನುವುದರ ಮೇಲೇ ಇರುತ್ತದೆ. ಪರರ ಗೊಂಬೆ ಕುಣಿಸಿದ್ದಕ್ಕೆ ಕೂಲಿ ಸಿಗುತ್ತದೆ, ಹದಿನೈದು ವರ್ಷದ ಮೇಲೆ ಬರುವ ಬಡ್ಡಿ ಗೊಂಬೆಯ ಒಡೆಯನಿಗೆ ಹೋಗುತ್ತದೆ. ನನ್ನ ಸಲಹೆ ಸರಳ. ಎರಡೂ ಸರ್ಕಾರಗಳು ವರ್ಷಕ್ಕೆ ಬೆರಳೆಣಿಕೆಯ ಇಂಥ ಚಿತ್ರಗಳಿಗೆ, ಸಾಲವಾಗಿ ಅಲ್ಲ, ಪಾಲುದಾರಿಕೆಯಾಗಿ ದುಡ್ಡು ಹಾಕಲಿ. ಹಣವಂತರು ಸರಿಸಮ ಹಾಕಲಿ. ಹತ್ತು ವರ್ಷ ಯಾರೂ ಲೆಕ್ಕ ಕೇಳದಿರಲಿ. ಮುಳುಗಿದರೆ ಒಂದು ಫ್ಲೈಓವರಿನ ಕಂಬದಷ್ಟು ಮುಳುಗೀತು.

ಆ ಹುಡುಗ ಈಗಲೂ ಅದೇ ರಾತ್ರಿ ಪಾಳಿಯಲ್ಲಿದ್ದಾನೆ ಅಂತ ಕೇಳಿದ್ದೇನೆ. ಅಜ್ಜಿಯ ದೆವ್ವಕ್ಕೆ ಅವನೂ ದಿನಾ 'ನಾಳೆ ಬಾ' ಅನ್ನುತ್ತಿರಬೇಕು. ಹೀಗೇ ನಾಳೆ ನಾಳೆ ಅನ್ನುತ್ತಾ ಇದ್ದರೆ ದೆವ್ವವೂ ಬೇಸತ್ತು ಬರುವುದನ್ನೇ ನಿಲ್ಲಿಸಿಬಿಟ್ಟೀತು. ನನಗಂತೂ ಗುಂಡಿ ಕಣ್ಣಿನ ಅಮ್ಮನಿಗಿಂತ ಅದೇ ಹೆಚ್ಚು ಭಯ. ನೀವೇನಂತೀರಿ?