ಹಾವು ಬೇಕಾದರೆ ಫ್ರೀಜರಿನಲ್ಲಿ ಇಲಿಗೂ ಜಾಗ ಕೊಡಿ



ಜರ್ಮನಿಯಲ್ಲಿ ಕಾರ್ನ್ ಸ್ನೇಕ್, ಬಾಲ್ ಪೈಥಾನ್‌ನಂಥ ವಿಷವಿಲ್ಲದ ಹಾವುಗಳನ್ನು ಮನೆಯಲ್ಲಿ ಸಾಕುವವರಿದ್ದಾರೆ. "ನನಗೂ ಒಂದು ಹಾವು ಬೇಕು" ಎಂದು ನಿಮ್ಮ ಮನೆಯಲ್ಲೂ ಯಾರಾದರೂ ಹಟ ಹಿಡಿದಿರಬಹುದು. ಕರ್ನಾಟಕದಲ್ಲಾದರೆ ಅಲ್ಲಿನ ಹಾವುಗಳನ್ನು ಹಿಡಿದು ಸಾಕಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ಇಲ್ಲಿ ಎಷ್‌ಬಾರ್ನ್‌ನಲ್ಲಿ ಕಾರ್ನ್ ಸ್ನೇಕ್ ಸಾಕಬಹುದು. ಆದರೆ ತರುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ಅದರ ಊಟಕ್ಕೆ ಏನು?

ಹಾಲು ಎನ್ನಬೇಡಿ. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುತ್ತೇವೆ, ನಿಜ. ಆದರೆ ಹಾಲು ಹಾವಿನ ಆಹಾರವಲ್ಲ. ಅದನ್ನು ಸಸ್ಯಾಹಾರಿ ಮಾಡಲೂ ಆಗದು. ಇಲಿಯೇ ಬೇಕು. ಜೀವಂತ ಇಲಿಯೋ, ಫ್ರೀಜ್ ಮಾಡಿದ ಸತ್ತ ಇಲಿಯೋ ಎಂಬುದಷ್ಟೇ ನಮ್ಮ ಆಯ್ಕೆ. ನನ್ನ ಪ್ರಕಾರ ಫ್ರೀಜ್ ಮಾಡಿದ್ದೇ ಸರಿ.

"ಕಾಡಿನಲ್ಲಿ ಜೀವಂತ ಇಲಿಯನ್ನೇ ತಿನ್ನುತ್ತದಲ್ಲ?" ಎಂದು ಕೇಳುವವರಿದ್ದಾರೆ. ಗಾಜಿನ ಪೆಟ್ಟಿಗೆ ಕಾಡಲ್ಲ. ಕಾಡಿನ ಇಲಿಗೆ ಓಡಿಹೋಗಲು ಬಿಲವಿದೆ, ಪೆಟ್ಟಿಗೆಯ ಇಲಿಗೆ ಮೂಲೆ ಮಾತ್ರ. ಹಾವಿಗೆ ಹಸಿವಿಲ್ಲದ ದಿನ ಇಲಿಯನ್ನು ಒಳಗೇ ಬಿಟ್ಟರೆ, ಅದು ಹಾವಿನ ಮೈಯನ್ನೇ ಕಡಿದು ಗಾಯ ಮಾಡಬಲ್ಲದು. ಸಕಾರಣವಿಲ್ಲದೆ ಯಾರೂ ಪ್ರಾಣಿಗೆ ನೋವು ಕೊಡಬಾರದು ಎಂದು ಜರ್ಮನಿಯ ಪ್ರಾಣಿರಕ್ಷಣಾ ಕಾನೂನಿನ ಮೊದಲ ವಿಧಿಯೇ ಹೇಳುತ್ತದೆ. ಸತ್ತ ಇಲಿಯನ್ನು ತಿನ್ನುವ ಹಾವಿಗೆ ಜೀವಂತ ಇಲಿ ಹಾಕಲು ಯಾವ ಸಕಾರಣವಿದೆ? ಇಲಿಯೂ ಪ್ರಾಣಿಯೇ ತಾನೆ?

ಜೀವಂತ ಇಲಿಗೆ ಒಗ್ಗಿದ ಹಾವನ್ನೂ ಬದಲಾಯಿಸಬಹುದು, ತಾಳ್ಮೆ ಬೇಕು ಅಷ್ಟೆ. ಇಲಿಯನ್ನು ರಾತ್ರಿ ಫ್ರಿಜ್ಜಿನಲ್ಲಿಟ್ಟು ಕರಗಿಸಿ, ಚೀಲದಲ್ಲಿ ಹಾಕಿ ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ. ಮೈಕ್ರೋವೇವ್ ಬೇಡ. ಬಾಲ್ ಪೈಥಾನ್‌ನ ತುಟಿಯ ಬಳಿಯ ಸಣ್ಣ ಕುಳಿಗಳು ಶಾಖವನ್ನು ಗುರುತಿಸುತ್ತವೆ, ಆದ್ದರಿಂದ ತಣ್ಣಗಿನ ಇಲಿ ಅದಕ್ಕೆ ಊಟದಂತೆ ಕಾಣುವುದಿಲ್ಲ. ಸಂಜೆ ಹೊತ್ತಿನಲ್ಲಿ ಉದ್ದನೆಯ ಚಿಮುಟದಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಮುಟ್ಟದಿದ್ದರೆ ಆ ಇಲಿಯನ್ನು ಎಸೆಯಿರಿ, ಮತ್ತೆ ಫ್ರೀಜ್ ಮಾಡಬೇಡಿ. ಒಂದು ವಾರ ಬಿಟ್ಟು ಪ್ರಯತ್ನಿಸಿ. ಆರೋಗ್ಯವಾಗಿರುವ ದೊಡ್ಡ ಹಾವು ಕೆಲವು ವಾರ ಉಪವಾಸವಿದ್ದರೆ ಗಾಬರಿ ಬೇಡ. ಮರಿಯಾಗಿದ್ದರೆ ಅಥವಾ ತೂಕ ಇಳಿಯುತ್ತಿದ್ದರೆ ಸರೀಸೃಪ ಬಲ್ಲ ಪಶುವೈದ್ಯರಿಗೆ ತೋರಿಸಿ.

ಗೆಳೆಯರೇ, ಬೇಟೆ ನೋಡುವ ಆಸೆಗೆ ಜೀವಂತ ಇಲಿ ಕೇಳಬೇಡಿ. ಸತ್ತ ಇಲಿಯನ್ನೂ ಹಾವು ಎಗರಿ ಹಿಡಿದು ಸುತ್ತಿಕೊಳ್ಳುತ್ತದೆ. ದೊಡ್ಡದನ್ನೇ ನೋಡಬೇಕೆಂದರೆ ಫ್ರಾಂಕ್‌ಫರ್ಟಿನ ಸೆಂಕೆನ್‌ಬರ್ಗ್ ಮ್ಯೂಸಿಯಂನಲ್ಲಿ ಕ್ಯಾಪಿಬಾರಾ ನುಂಗುತ್ತಿರುವ ಅನಕೊಂಡ ಇದೆ.

ಅಪ್ಪ ಅಮ್ಮಂದಿರೇ, ಕಾಯಿತುರಿ, ಬಟಾಣಿ ಇಡುವ ಫ್ರೀಜರಿನಲ್ಲಿ ಇಲಿಯೇ ಎಂದು ನೀವು ಮುಖ ಸಿಂಡರಿಸುವುದು ನನಗೆ ಅರ್ಥವಾಗುತ್ತದೆ. ಬೇರೆ ಸಣ್ಣ ಫ್ರೀಜರ್, ಬೇರೆ ಪಾತ್ರೆ ಇಡಿ. ಸಾಲ್ಮೊನೆಲ್ಲಾ ಬರದಂತೆ ಸೋಪು ಹಚ್ಚಿ ಕೈ ತೊಳೆಯಿರಿ. ಅದೂ ಆಗದು ಎಂದರೆ ಹಾವನ್ನು ತರಲೇಬೇಡಿ, ಅದರಲ್ಲಿ ನಾಚಿಕೆಯೇನಿಲ್ಲ. ಆದರೆ "ಫ್ರೀಜರಿನಲ್ಲಿ ಬೇಡ, ಅಂಗಡಿಯಿಂದ ಜೀವಂತ ಇಲಿ ತಂದು ಹಾಕಿದರಾಯಿತು" ಎನ್ನುವುದು ಮಾತ್ರ ಅಹಿಂಸೆಯಲ್ಲ. ನಮ್ಮ ಅಸಹ್ಯದ ಬೆಲೆಯನ್ನು ಇಲಿ ಕೊಡಬೇಕಾಗುತ್ತದೆ.

ತರುವುದೇ ಎಂದು ತೀರ್ಮಾನಿಸಿದರೆ, ಹಣ ಕೊಡುವ ಮೊದಲು ಮಾರುವವರನ್ನು ಕೇಳಿ: "ಇದು ಫ್ರೀಜ್ ಮಾಡಿದ ಇಲಿ ತಿನ್ನುತ್ತದೆಯೇ?" ತಿನ್ನುವುದನ್ನು ಕಣ್ಣಾರೆ ನೋಡಿ, ಆಮೇಲೆ ಮನೆಗೆ ತನ್ನಿ.