ಹಳೆಯ ಚಿತ್ರಕಥೆಗಳ ಕುಲಶೋಧನೆ

ಬೈಲಹೊಂಗಲ-ಕಿತ್ತೂರು ಸೀಮೆಯಲ್ಲಿ ಹಳೆಯ ತಾಮ್ರದ ಹಂಡೆಯೊಂದು ಅಟ್ಟದಿಂದ ಇಳಿದರೆ ಸಾಕು, ಅದು ರಾಣಿ ಚೆನ್ನಮ್ಮನ ಅರಮನೆಯದೆಂದು ಹೇಳುವವರು ಹುಟ್ಟಿಕೊಳ್ಳುತ್ತಾರೆ. 1824ರ ಡಿಸೆಂಬರದಲ್ಲಿ ಕೋಟೆಯು ಕಂಪನಿಯವರ ಕೈಸೇರಿ ಸಂಸ್ಥಾನದ ಸೊತ್ತು ದಿಕ್ಕಾಪಾಲಾದದ್ದರಿಂದ ಇಂಥ ಮಾತಿಗೆ ಆಧಾರ ಕೇಳುವವರೂ ಕಡಿಮೆ. ಹಂಡೆ-ಖಡ್ಗಗಳಲ್ಲಿ ಬೆಳೆದ ಈ ರೂಢಿಯು ಈಗ ಕಾಗದದ ಚಿತ್ರಕಥೆಗಳ ವರೆಗೆ ಬಂದು ಮುಟ್ಟಿದೆ. ‘ಇದು ಅಮರ ಚಿತ್ರಕಥೆಯ ಮೊದಲ ಮುದ್ರಣ, ಇಂಥ ದೇಸಗತಿಯ ವಾಡೆಯ ಸಂಗ್ರಹದಿಂದ ಬಂದದ್ದು’ ಎಂದು ಹೇಳಿ ಕಿಮ್ಮತ್ತು ಏರಿಸುವವರು ಒಂದು ಕಡೆ. ಮಕ್ಕಳ ಪುಸ್ತಕಕ್ಕೆ ಇಷ್ಟೊಂದು ಶೋಧನೆ ಯಾತಕ್ಕೆಂದು ನಗುವ ವಿದ್ವಾಂಸರು ಇನ್ನೊಂದು ಕಡೆ. ಇಬ್ಬರಿಂದಲೂ ಕನ್ನಡಕ್ಕೆ ಕೇಡೇ. ಓದುಬರಹ ಬಲ್ಲವರ ಉದಾಸೀನವಾದ್ದರಿಂದ ಎರಡನೆಯದೇ ಹೆಚ್ಚಿನ ಕೇಡು.

ನಗುವವರು ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಲಿ. ಅಮರ ಚಿತ್ರಕಥೆಯ ಇಂಗ್ಲಿಷ್ ಮಾಲೆಯು ಆರಂಭವಾಗುವದು 11ನೆಯ ಅಂಕದಿಂದ. ಆ ಪುಸ್ತಕದ ಹೆಸರು ‘ಕೃಷ್ಣ’. ಹಾಗಾದರೆ ಮೊದಲಿನ ಹತ್ತು ಎಲ್ಲಿ ಹೋದವು? ಪರದೇಶದ ಅದ್ಭುತ ಕಥೆಗಳನ್ನು ಹೇಳುವ ಆ ಹತ್ತು ಪುಸ್ತಕಗಳು ಹೊರಟದ್ದು ಕನ್ನಡದಲ್ಲಿ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರು (1929–2011) 1967ರಲ್ಲಿ ಈ ಮಾಲೆಯನ್ನು ಸ್ಥಾಪಿಸಿದರೆಂಬದು ಲೋಕಪ್ರಸಿದ್ಧವಾದ ಮಾತು. ಬೆಂಗಳೂರಿನ ಪುಸ್ತಕ ವ್ಯವಹಾರದಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಪ್ರೇರಣೆಯಿಂದ ಇಂಡಿಯಾ ಬುಕ್ ಹೌಸಿನವರು 1965ರಲ್ಲಿಯೇ ಕನ್ನಡದ ಚಿತ್ರಕಥೆಗಳನ್ನು ಹೊರಡಿಸಿದರೆಂಬ ಪಕ್ಷವೂ ಉಂಟು. ಈ ಎರಡು ಪಕ್ಷಗಳ ನಡುವೆ ಸಾಕ್ಷಿ ನುಡಿಯಬೇಕಾದವು ಆ ಕನ್ನಡ ಪ್ರತಿಗಳೇ. ಕೈಯಿಂದ ಕೈಗೆ ತಿರುಗಿ ಹರಿದು, ಕಡೆಗೆ ರದ್ದಿಯ ತಕ್ಕಡಿಗೆ ಬೀಳುವದು ಮಕ್ಕಳ ಪುಸ್ತಕಗಳ ಹಣೆಬರಹ. ಉಳಿದಿರುವ ಒಂದೆರಡು ನಿಜವಾದ ಪ್ರತಿಗಳ ಸುತ್ತ ಹತ್ತು ಸುಳ್ಳು ‘ಮೊದಲ ಮುದ್ರಣ’ಗಳು ನೆರೆದರೆ ನಿಜವಾದದ್ದನ್ನೂ ನಂಬುವವರಿಲ್ಲದಂತಾಗುತ್ತದೆ.

‘ಹಿರಿಯರು ಹೇಳಿದ್ದಾರೆ’ ಎಂಬದು ಈ ವ್ಯಾಪಾರದ ಮುಖ್ಯ ಆಯುಧವು. ನ್ಯಾಯಶಾಸ್ತ್ರದಲ್ಲಿ ಶಬ್ದಕ್ಕೂ ಪ್ರಾಮಾಣ್ಯವಿದೆ ನಿಜ. ಆದರೆ ಅದು ಆಪ್ತನ ಶಬ್ದಕ್ಕೆ ಮಾತ್ರ. ವಸ್ತುವನ್ನು ಸ್ವತಃ ಅರಿತು, ಅರಿತಂತೆ ಹೇಳುವವನು ಆಪ್ತನು. ರದ್ದಿ ಅಂಗಡಿಯಿಂದ ಗಂಟು ಕೊಂಡು ತಂದವನು ವಾಡೆಯ ಒಳಗಣ ಕಪಾಟನ್ನು ಕಂಡಿದ್ದಾನೆಯೇ? ಸವದತ್ತಿಯ ಶಕ 1151ರ (ಕ್ರಿ.ಶ. 1228) ಶಿಲಾಶಾಸನವು ರಟ್ಟರ ಲಕ್ಷ್ಮೀದೇವನನ್ನೂ ಮುನಿಚಂದ್ರನನ್ನೂ ಹೆಸರಿಸಿ ತನ್ನ ಕಾಲವನ್ನು ತಾನೇ ಹೇಳುತ್ತದೆ. ಅಂಥ ಕಲ್ಲಿನ ಮಾತನ್ನು ಸಹ ಲಿಪಿಯನ್ನೂ ತಿಥಿವಾರಗಳನ್ನೂ ತಾಳೆ ನೋಡದೆ ಪಂಡಿತರು ಒಪ್ಪುವದಿಲ್ಲ. ಕಾಗದಕ್ಕೆ ಮಾತ್ರ ಈ ರಿಯಾಯಿತಿ ಏಕೆ?

ಪರೀಕ್ಷೆಯೇನೂ ಬ್ರಹ್ಮವಿದ್ಯೆಯಲ್ಲ. ಒಳಪುಟದಲ್ಲಿ ಅಚ್ಚಾದ ಹಕ್ಕಿನ ವರ್ಷವೊಂದನ್ನೇ ನಂಬತಕ್ಕದ್ದಲ್ಲ, ಯಾಕಂದರೆ ಮರುಮುದ್ರಣಗಳಲ್ಲಿಯೂ ಮೊದಲಿನ ವರ್ಷವೇ ಉಳಿದುಬರುವದುಂಟು. ಹಿಂಬದಿಯ ರಕ್ಷಾಪುಟದ ಯಾದಿಯನ್ನು ಓದಬೇಕು: ಅದರಲ್ಲಿ ನೂರನೆಯ ಪುಸ್ತಕದ ಹೆಸರಿದ್ದರೆ, ಕೈಯಲ್ಲಿರುವದು ಹನ್ನೊಂದನೆಯದಾದರೂ ನೂರನೆಯದರ ತರುವಾಯ ಅಚ್ಚಾದದ್ದು. ‘ಕೃಷ್ಣ’ದ ಮೇಲೆ 501 ಎಂಬ ಅಂಕವಿದ್ದರೆ ಅದು ಬಹಳ ಈಚಿನ ಹೊಸ ಎಣಿಕೆಯದು. ಪ್ರಕಾಶಕರ ವಿಳಾಸದಲ್ಲಿ ಆರಂಕಿಯ ಪಿನ್‌ಕೋಡು ಕಂಡರೆ 1965ರ ಮಾತನ್ನು ಅಲ್ಲಿಗೇ ನಿಲ್ಲಿಸಬಹುದು. ಆ ಪದ್ಧತಿಯು ಬಂದದ್ದು 1972ರ ಅಗಸ್ಟ 15ರಂದು. ಇಂಗ್ಲಿಷ್ ಪ್ರತಿಯಲ್ಲಿ ‘ಬಾಂಬೆ’ ಹೋಗಿ ‘ಮುಂಬೈ’ ಬಂದಿದ್ದರೆ ಅದು 1995ರ ಈಚಿನದು. ಈ ಪರೀಕ್ಷೆ ಕನ್ನಡ ಪ್ರತಿಗಳಿಗೆ ನಡೆಯದು, ಕನ್ನಡಿಗರು ಮೊದಲಿನಿಂದಲೂ ಮುಂಬಯಿ ಎಂದೇ ಬರೆಯುತ್ತ ಬಂದವರು. ಹೊಲಿಗೆಯ ತಂತಿ ತುಕ್ಕು ಹಿಡಿದಿದ್ದರೆ ನಡುಹಾಳೆಯ ಮೇಲೂ ಅದೇ ಜಾಗದಲ್ಲಿ ಕಲೆ ಇರಬೇಕು. ಇಲ್ಲದಿದ್ದರೆ ರಕ್ಷಾಪುಟ ಒಂದರದು, ಒಡಲು ಇನ್ನೊಂದರದು.

ಒಡೆತನದ ಠಸ್ಸೆಗಳ ವಿಷಯದಲ್ಲಿಯಂತೂ ಇನ್ನಷ್ಟು ಎಚ್ಚರ ಬೇಕು. ರಾಮದುರ್ಗ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅದಾಗಿ ಹದಿನೇಳು ವರ್ಷಕ್ಕೆ ಅಚ್ಚಾಯಿತೆನ್ನುವ ಪುಸ್ತಕದ ಮೇಲೆ ಸಂಸ್ಥಾನದ ಠಸ್ಸೆ ಬಿದ್ದಿದ್ದರೆ ಅದನ್ನು ಒತ್ತಿದವರಾರೆಂದು ಕೇಳಲೇಬೇಕಾಗುತ್ತದೆ. ಹಳೆಯ ಠಸ್ಸೆ ಯಾವದೋ ಪೆಟ್ಟಿಗೆಯಲ್ಲಿ ಉಳಿದಿರಬಹುದು. ಉಳಿದದ್ದನ್ನು ಇಂದು ಕೂಡ ಒತ್ತಬಹುದಷ್ಟೆ! ‘ಕರ್ನಾಟಕ ರಾಜ್ಯ’ ಎಂದು ಕೆತ್ತಿದ ಠಸ್ಸೆ 1973ರ ನವೆಂಬರ 1ಕ್ಕಿಂತ ಮೊದಲಿನದಾಗಲಾರದು. ಬರಿಯ ‘ಕರ್ನಾಟಕ’ ಶಬ್ದದಿಂದ ಮಾತ್ರ ಏನೂ ಸಿದ್ಧವಾಗದು. ಧಾರವಾಡದ ವಿದ್ಯಾವರ್ಧಕ ಸಂಘವು 1890ರಲ್ಲಿಯೇ ಆ ಹೆಸರನ್ನು ಧರಿಸಿತ್ತು.

ಇಷ್ಟೆಲ್ಲ ನೋಡಿ ಪ್ರತಿಯು ಹಳೆಯದೆಂದು ಸಿದ್ಧವಾದರೂ, ಅದು ಇಂಥವರ ಸಂಗ್ರಹದ್ದೆಂದು ಸಿದ್ಧವಾಗಲಿಲ್ಲ. ಇವು ಬೇರೆ ಬೇರೆ ಪ್ರಶ್ನೆಗಳು. ಎರಡನ್ನೂ ಕಲಸಿ ಮಾರುವದರಲ್ಲಿಯೇ ಮೋಸವಿರುವದು. ಅಮೇರಿಕೆಯ ಡೆನ್ವರ್ ನಗರದ ಎಡ್ಗರ್ ಚರ್ಚ್ ಎಂಬ ಚಿತ್ರಕಾರನು ಕೂಡಿಟ್ಟಿದ್ದ 18,000ಕ್ಕೂ ಹೆಚ್ಚಿನ ಚಿತ್ರಕಥೆಗಳನ್ನು ಚಕ್ ರೊಜಾನ್ಸ್ಕಿ ಎಂಬ ವ್ಯಾಪಾರಿಯು 1977ರಲ್ಲಿ ಕೊಂಡನು. ಆ ಸಂಗ್ರಹಕ್ಕೆ ಇಂದಿಗೂ ಮರ್ಯಾದೆ ಇರುವದು ಚರ್ಚನ ಹೆಸರೊಂದರಿಂದಲ್ಲ. ಗಂಟು ಒಂದೇ ಮನೆಯಿಂದ ಒಬ್ಬನ ಕೈಗೆ ಬಂತು; ಕಾಗದದ ಬಿಳುಪು, ಮುಖಪುಟಗಳ ಮೇಲಿನ ಪೆನ್ಸಿಲಿನ ಸಂಕೇತಗಳು ಒಂದಕ್ಕೊಂದು ಸಾಕ್ಷಿಯಾದವು. ಇಲ್ಲಿಯ ಮನೆಗಳಲ್ಲಿಯಾದರೋ ಗಂಟು ಬಿಚ್ಚಿ, ಅಂದವಾದದ್ದನ್ನು ಆರಿಸಿ, ಉಳಿದದ್ದನ್ನು ತೂಕಕ್ಕೆ ಹಾಕುತ್ತಾರೆ. ಗಂಟು ಬಿಚ್ಚಿದ ಗಳಿಗೆಯಲ್ಲಿಯೇ ಅರ್ಧ ಸಾಕ್ಷ್ಯ ಹೋಯಿತು. ಬಿಚ್ಚುವ ಮೊದಲು ಯಾವ ಪುಸ್ತಕದ ಕೆಳಗೆ ಯಾವದಿತ್ತು, ಯಾರ ಸಹಿ, ಯಾವ ಅಂಗಡಿಯ ಚೀಟಿ ಎಂಬದನ್ನು ಒಂದು ವಹಿಯಲ್ಲಿ ಬರೆದಿಡುವದಕ್ಕೆ ಅರ್ಧ ದಿವಸ ಸಾಕು. ಮಾರಿದರೆ ಯಾರಿಗೆ ಯಾವ ದಿನ ಮಾರಿತೆಂಬದನ್ನೂ ಅದರಲ್ಲಿಯೇ ಬರೆಯಲಿ.

ಮೊದಲ ಹತ್ತರ ಕನ್ನಡ ಪ್ರತಿ ತಮ್ಮಲ್ಲಿದೆಯೆನ್ನುವವರು ಅದನ್ನು ರಕ್ಷಾಪುಟ ಸಹಿತ, ತೆರೆದ ಮೇಜಿನ ಮೇಲೆ, ನಾಲ್ಕು ಜನ ಬಲ್ಲವರ ಮುಂದೆ ಇಡಲಿ. ಇಡಲೊಲ್ಲದವರು ತಮ್ಮ ಜಾಹೀರಾತಿನಿಂದ ‘ಮೊದಲ’ ಎಂಬ ವಿಶೇಷಣವನ್ನೂ ವಾಡೆಯ ಹೆಸರನ್ನೂ ತೆಗೆದುಹಾಕಲಿ.