ಹೇಳದೇ ಕೆಲಸ ಬಿಡಬೇಡಿ

ಅತ್ತಿಬೆಲೆಯ ಫ್ಯಾಕ್ಟರಿಗೆ ಹೋಗುವ ಮಗಳೋ ಸೊಸೆಯೋ ಒಂದು ಸಂಜೆ ‘ನಾಳೆಯಿಂದ ಹೋಗಲ್ಲ’ ಅಂದುಬಿಟ್ಟರೆ ನೀವೇನು ಹೇಳ್ತೀರಿ? ಮಗುವಿಗೆ ಹುಷಾರಿಲ್ಲ, ಪಕ್ಕದ ಹೊಸೂರಿನಲ್ಲಿ ಸಂಬಳ ಜಾಸ್ತಿ... ಕಾರಣ ನಿಜವೇ ಇರಬಹುದು. ‘ಬಿಟ್ಟುಬಿಡು’ ಅನ್ನೋದು ನಮಗೆ ಸುಲಭ. ಆದರೆ ನೋಟಿಸ್ ಅವಧಿ ಮುಗಿಸದಿದ್ದರೆ, ನೇಮಕಾತಿ ಪತ್ರದ ಷರತ್ತಿನಂತೆ ಕಂಪನಿ ಅಷ್ಟು ದಿನದ ಸಂಬಳ ಕೇಳಬಹುದು. ಅನುಭವ ಪತ್ರಕ್ಕೂ ಅಲೆದಾಟ.

ಹಾಗಂತ ಹೆದರಬೇಕಿಲ್ಲ. ಪಿ.ಎಫ್. ಅವಳ ದುಡ್ಡು. ಅದನ್ನು ತೆಗೆಯುವ ನಿಯಮ ಬಿಗಿಯಾದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದು ಕೇಂದ್ರ ಸರ್ಕಾರವನ್ನೇ ಮಣಿಸಿದರಲ್ಲ! ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ನಮೂದಿಸದಿದ್ದರೂ, ಎರಡು ತಿಂಗಳ ನಂತರ ಅವಳೇ ಆನ್‌ಲೈನ್‌ನಲ್ಲಿ ಹಾಕಬಹುದು. ಕಾಯಂ ನೌಕರಿಯಲ್ಲಿ 5 ವರ್ಷ ತುಂಬಿದರೆ ಗ್ರಾಚ್ಯುಟಿ ಸಿಗುತ್ತೆ. ಅದಕ್ಕೆ ಸ್ವಲ್ಪವೇ ದಿನ ಬಾಕಿಯಿದ್ದರೆ ದುಡುಕಬೇಡಿ.

ಬಿಡಲೇಬೇಕೇ? ಎರಡು ಸಾಲಿನ ರಾಜೀನಾಮೆ ಬರೆಸಿ, ಇನ್ನೊಂದು ಪ್ರತಿಗೆ ‘ತಲುಪಿದೆ’ ಅಂತ ಸಹಿ ಹಾಕಿಸಿಕೊಳ್ಳಲಿ. ಉಳಿದ ರಜೆಯನ್ನು ನೋಟಿಸ್‌ಗೆ ಹೊಂದಿಸಿಕೊಡಿ ಅಂತ ಕೇಳಲಿ. ಕೊಟ್ಟರೆ ಲಾಭ, ಕೇಳಿದರೆ ನಷ್ಟವೇನೂ ಇಲ್ಲ. ಮನೆಯ ಕಷ್ಟ ಬಾಯಿಬಿಟ್ಟು ಹೇಳಿದರೆ ಅವಧಿ ಕಡಿಮೆ ಮಾಡುವವರೂ ಇದ್ದಾರೆ. ವರ್ಷಗಟ್ಟಲೆ ದುಡಿದವಳು ಕಳ್ಳಿಯ ಹಾಗೆ ಯಾಕೆ ತಪ್ಪಿಸಿಕೊಂಡು ಬರಬೇಕು? ತಲೆಯೆತ್ತಿ, ಹೇಳಿಯೇ ಹೊರಗೆ ಬರಲಿ.